ಪೆಟ್ರೋಲಿಗಿಂತ ಮೊದಲೇ ಓಡಿದ ವಿದ್ಯುತ್ ಬಂಡಿ

ಹಸಿರು ಸಂಖ್ಯಾಫಲಕ ಹೊತ್ತ ವಾಹನಗಳು ಇಂದು ನಮ್ಮ ಊರುಗಳ ಬೀದಿಗಳಲ್ಲಿ ಸದ್ದಿಲ್ಲದೆ ಸಾಗುತ್ತಿವೆ. ವಿದ್ಯುತ್ ಕಾರು ಎಂದರೆ ತೀರ ಈಚಿನದು, ಪೆಟ್ರೋಲ್ ಕಾರಿನ ನಂತರ ಹುಟ್ಟಿದ ತಮ್ಮ ಎಂಬ ಭಾವನೆ ನಮ್ಮಲ್ಲಿ ಅನೇಕರಿಗಿದೆ. ಚರಿತ್ರೆಯ ಲೆಕ್ಕ ಬೇರೆಯೇ ಇದೆ. 1900ನೆಯ ಇಸವಿಯಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ತಯಾರಾದ ಮೋಟಾರು ವಾಹನಗಳ ಸಂಖ್ಯೆ 4,192. ಅವುಗಳಲ್ಲಿ 1,681 ಉಗಿಯಿಂದ ಓಡುವಂಥವು, 1,575 ವಿದ್ಯುತ್ತಿನಿಂದ ಓಡುವಂಥವು. ಪೆಟ್ರೋಲಿನವು ಕೇವಲ 936. ಮೂವರು ಸ್ಪರ್ಧಿಗಳಲ್ಲಿ ಮೂರನೆಯ ಸ್ಥಾನದಲ್ಲಿದ್ದವನು ಮುಂದಿನ ಇಪ್ಪತ್ತು ವರ್ಷಗಳಲ್ಲಿ ಲೋಕವನ್ನೇ ಗೆದ್ದ. ಎರಡನೆಯವನು ಮೂಲೆ ಸೇರಿದ. ನೂರು ವರ್ಷ ಕಳೆದ ಮೇಲೆ ಮತ್ತೆ ಎದ್ದು ಬಂದ.

ಇದು ಹೇಗಾಯಿತು? ತೆರೆಯ ಮೇಲಿನ ಅರ್ಧ ಗಂಟೆಯ ಮಾತುಕತೆಯಲ್ಲಿ ಇಂಥ ಪ್ರಶ್ನೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಬಹುದಷ್ಟೆ. ಅಲ್ಲಿ ಬಿಟ್ಟುಹೋಗುವ ವಿವರಗಳಿಗಾಗಿ ಈ ಪುಟಗಳು. ಉತ್ತಮವಾದ ಯಂತ್ರ ಗೆಲ್ಲುತ್ತದೆ, ಕಳಪೆ ಯಂತ್ರ ಸೋಲುತ್ತದೆ ಎಂಬ ಸರಳ ಸೂತ್ರವನ್ನು ನಂಬಿಕೊಂಡವರಿಗೆ ಈ ಕಥೆ ಸ್ವಲ್ಪ ಕಸಿವಿಸಿ ಉಂಟುಮಾಡಬಹುದು. ಯಂತ್ರದ ಜೊತೆಗೆ ಅದರ ಸುತ್ತ ಇರುವ ಎಣ್ಣೆಬಾವಿ, ವಿದ್ಯುತ್ ತಂತಿ, ರಸ್ತೆ, ಬೆಲೆ, ಕಾನೂನು ಎಲ್ಲವೂ ಇಲ್ಲಿ ಪಾತ್ರಧಾರಿಗಳೇ.

ಮೊದಲು ಹುಟ್ಟಿನ ಸಂಗತಿ. ಮತ್ತೆ ಮತ್ತೆ ವಿದ್ಯುತ್ ತುಂಬಿಸಿಕೊಳ್ಳಬಲ್ಲ ಸೀಸ-ಆಮ್ಲ ಬ್ಯಾಟರಿಯನ್ನು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ರೂಪಿಸಿದ್ದು 1859ರಲ್ಲಿ. 1881ರಲ್ಲಿ ಕಮೀಲ್ ಫೋರ್ ಅದನ್ನು ಸುಧಾರಿಸಿದ. ಅದೇ ವರ್ಷ ಗುಸ್ತಾವ್ ಟ್ರೂವೆ ಎಂಬ ಯಂತ್ರಜ್ಞ ಒಂದು ಮೂರು ಗಾಲಿಯ ಬಂಡಿಗೆ ವಿದ್ಯುತ್ ಮೋಟಾರು ಜೋಡಿಸಿ ಪ್ಯಾರಿಸ್ಸಿನ ಬೀದಿಯಲ್ಲಿ ಓಡಿಸಿದ. ಜರ್ಮನಿಯ ಕಾರ್ಲ್ ಬೆಂಜ್ ತನ್ನ ಪೆಟ್ರೋಲ್ ಬಂಡಿಗೆ ಪೇಟೆಂಟ್ ಅರ್ಜಿ ಹಾಕಿದ್ದು 1886ರ ಜನವರಿಯಲ್ಲಿ. ಅಂದರೆ ವಿದ್ಯುತ್ ಬಂಡಿಯೇ ಐದು ವರ್ಷಕ್ಕೆ ಅಣ್ಣ.

ಬೆಂಜ್‌ನ ಬಂಡಿಯ ಬಗ್ಗೆ ಒಂದು ಪ್ರಸಂಗ ಹೇಳಲೇಬೇಕು. ಮುಂದಿನ ಕಥೆಯ ಬೀಜ ಅದರಲ್ಲಿದೆ. 1888ರ ಆಗಸ್ಟ್‌ನಲ್ಲಿ ಅವನ ಹೆಂಡತಿ ಬರ್ತಾ ಬೆಂಜ್ ತನ್ನ ಇಬ್ಬರು ಹುಡುಗರನ್ನು ಕೂರಿಸಿಕೊಂಡು ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ನ ತವರಿಗೆ, ಸುಮಾರು 100 ಕಿಲೋಮೀಟರ್ ದೂರ, ಕಾರು ಓಡಿಸಿಕೊಂಡು ಹೋದಳು. ಗಂಡನಿಗೆ ಹೇಳಿಯೂ ಇರಲಿಲ್ಲ! ದಾರಿಯಲ್ಲಿ ಇಂಧನ ಮುಗಿಯಿತು. ಆಗ ಪೆಟ್ರೋಲ್ ಬಂಕ್ ಎಲ್ಲಿಯದು? ವೀಸ್ಲೋಕ್ ಎಂಬ ಊರಿನ ಔಷಧಿ ಅಂಗಡಿಗೆ ಹೋಗಿ, ಬಟ್ಟೆಯ ಕಲೆ ತೆಗೆಯಲು ಮಾರುತ್ತಿದ್ದ ಲಿಗ್ರೋಯಿನ್ ಎಂಬ ದ್ರವವನ್ನು ಕೊಂಡು ತೊಟ್ಟಿಗೆ ಸುರಿದು ಮುಂದೆ ಸಾಗಿದಳು. ಒಂದು ವಿಷಯ ಗಮನಿಸಿ. ಶಕ್ತಿ ಶೀಸೆಯಲ್ಲಿ ಸಿಗುತ್ತಿತ್ತು. ಕೊಂಡುಕೊಳ್ಳಲು ಕೆಲವು ನಿಮಿಷ ಸಾಕು. ಬ್ಯಾಟರಿ ಬರಿದಾದ ಬಂಡಿಗೆ ಆ ಸೌಭಾಗ್ಯವಿರಲಿಲ್ಲ.

ಆದರೂ ಮೊದಲ ಸುತ್ತಿನಲ್ಲಿ ಮೆರೆದದ್ದು ವಿದ್ಯುತ್ ಕಾರೇ. 1897ರಲ್ಲಿ ಲಂಡನ್ನಿನಲ್ಲಿ ವಾಲ್ಟರ್ ಬರ್ಸಿ ಎಂಬ ತರುಣ ವಿದ್ಯುತ್ ಬಾಡಿಗೆ ಗಾಡಿಗಳನ್ನು ಬೀದಿಗಿಳಿಸಿದ. ನ್ಯೂಯಾರ್ಕಿನಲ್ಲೂ ಅದೇ ವರ್ಷ ಅಂಥ ಗಾಡಿಗಳು ಬಂದವು. 1899ರ ಏಪ್ರಿಲ್ 29ರಂದು ಪ್ಯಾರಿಸ್ ಬಳಿಯ ಆಶೇರ್ ಎಂಬಲ್ಲಿ ಬೆಲ್ಜಿಯಮ್ಮಿನ ಕಮೀಲ್ ಜೆನಾಟ್ಸಿ ಸಿಡಿಗುಂಡಿನಾಕಾರದ ಕಾರೊಂದನ್ನು ಗಂಟೆಗೆ 105.88 ಕಿಲೋಮೀಟರ್ ವೇಗದಲ್ಲಿ ಓಡಿಸಿದ. ನೆಲದ ಮೇಲೆ ಗಂಟೆಗೆ 100 ಕಿಲೋಮೀಟರ್ ಮೀರಿದ ಮೊದಲ ಮೋಟಾರು ಕಾರು ಅದು. ಅದು ವಿದ್ಯುತ್ ಕಾರು. 'ಎಂದೂ ತೃಪ್ತಿಯಾಗದವಳು' ಎಂಬ ಅರ್ಥದ ಫ್ರೆಂಚ್ ಹೆಸರನ್ನು ಅದಕ್ಕಿಟ್ಟಿದ್ದರು. ಮರುವರ್ಷ ಪ್ಯಾರಿಸ್ಸಿನ ವಿಶ್ವ ಪ್ರದರ್ಶನದಲ್ಲಿ ಗಾಲಿಯ ಗುಂಬದೊಳಗೇ ಮೋಟಾರು ಅಡಗಿಸಿದ ಕಾರೊಂದು ಜನರ ಕಣ್ಸೆಳೆಯಿತು. ಅದನ್ನು ರೂಪಿಸಿದ ಯುವಕನ ಹೆಸರು ಫರ್ಡಿನಾಂಡ್ ಪೋರ್ಷೆ. ಮುಂದೆ ಈ ಹೆಸರು ಪೆಟ್ರೋಲ್ ಓಟದ ಕಾರುಗಳಿಗೆ ಪರ್ಯಾಯವೇ ಆಗಿಹೋದದ್ದು ಚರಿತ್ರೆಯ ಕುಚೇಷ್ಟೆ.

ಆ ಕಾಲದ ಪೆಟ್ರೋಲ್ ಕಾರನ್ನು ಹೊರಡಿಸುವುದೆಂದರೆ ಒಂದು ವ್ಯಾಯಾಮ. ಮುಂದೆ ನಿಂತು ಕಬ್ಬಿಣದ ಹಿಡಿಯನ್ನು ಬಲವಾಗಿ ತಿರುಗಿಸಬೇಕು. ಎಂಜಿನ್ ಹಿಮ್ಮುಖವಾಗಿ ಒದ್ದರೆ ಹಿಡಿ ಕೈಗೇ ಬಡಿಯುತ್ತಿತ್ತು. ಮಣಿಕಟ್ಟು ಮುರಿದುಕೊಂಡವರಿಗೆ ಲೆಕ್ಕವಿಲ್ಲ. ಮೇಲೆ ಹೊಗೆ, ವಾಸನೆ, ಗದ್ದಲ, ಗೇರು ಬದಲಿಸುವ ಗೋಳು. ವಿದ್ಯುತ್ ಕಾರಿನಲ್ಲಿ ಇದೊಂದೂ ಇಲ್ಲ. ಗುಂಡಿ ತಿರುಗಿಸಿದರೆ ಹೊರಟಿತು. ಹಾಗಾಗಿ ತಯಾರಕರು ಅದನ್ನು ಶ್ರೀಮಂತ ಮಹಿಳೆಯರ ವಾಹನವೆಂದು ಜಾಹೀರಾತು ಮಾಡಿದರು. ಪೆಟ್ರೋಲ್ ಕಾರಿನ ಸಾಮ್ರಾಟನಾದ ಹೆನ್ರಿ ಫೋರ್ಡ್‌ನ ಪತ್ನಿ ಕ್ಲಾರಾ ಸ್ವತಃ ಓಡಿಸುತ್ತಿದ್ದದ್ದು ಡೆಟ್ರಾಯಿಟ್ ಎಲೆಕ್ಟ್ರಿಕ್ ಕಂಪನಿಯ ವಿದ್ಯುತ್ ಕಾರನ್ನು. ಈ ಜಾಹೀರಾತಿನಿಂದ ಲಾಭದಷ್ಟೇ ನಷ್ಟವೂ ಆಯಿತೆಂದು ನನಗನಿಸುತ್ತದೆ. ಹೆಂಗಸರ ಗಾಡಿ ಎಂಬ ಮುದ್ರೆ ಬಿದ್ದ ವಸ್ತುವನ್ನು ಆ ಕಾಲದ ಗಂಡಸರು, ಅಂದರೆ ಹಣದ ಥೈಲಿ ಹಿಡಿದಿದ್ದವರು, ಕೊಳ್ಳಲು ಹಿಂಜರಿದರು.

ಈಗ ಸ್ವಲ್ಪ ಭೌತವಿಜ್ಞಾನ. ಕಾಗದ ಪೆನ್ಸಿಲ್ ಹಿಡಿದುಕೊಂಡರೆ ಒಳ್ಳೆಯದು. ಒಂದು ಕಿಲೋಗ್ರಾಂ ಪೆಟ್ರೋಲನ್ನು ಉರಿಸಿದರೆ ಸುಮಾರು 12,000 ವಾಟ್-ಗಂಟೆಗಳಷ್ಟು ಶಕ್ತಿ ಹೊರಬರುತ್ತದೆ. ಒಂದು ಕಿಲೋಗ್ರಾಂ ಸೀಸ-ಆಮ್ಲ ಬ್ಯಾಟರಿಯಲ್ಲಿ ಹಿಡಿಯುವುದು 30ರಿಂದ 40 ವಾಟ್-ಗಂಟೆ. ಮುನ್ನೂರು ಪಟ್ಟಿಗೂ ಮೀರಿದ ಅಂತರ! ಆದರೆ ಪೆಟ್ರೋಲ್ ಎಂಜಿನ್ ದುಂದುಗಾರ. ಉರಿದ ಇಂಧನದ ಶಕ್ತಿಯಲ್ಲಿ ಹೆಚ್ಚುಕಡಿಮೆ ನಾಲ್ಕನೆಯ ಒಂದು ಭಾಗ ಗಾಲಿಗೆ ತಲುಪಿದರೆ ಅದೇ ದೊಡ್ಡದು. ಉಳಿದದ್ದು ಶಾಖವಾಗಿ ಗಾಳಿಗೆ ಹೋಗುತ್ತದೆ. ವಿದ್ಯುತ್ ಮೋಟಾರು ಮಿತವ್ಯಯಿ; ಕೊಟ್ಟದ್ದರಲ್ಲಿ ನೂರಕ್ಕೆ 85-90 ಪಾಲನ್ನು ಕೆಲಸಕ್ಕೆ ಹಚ್ಚುತ್ತದೆ. ಇದನ್ನೆಲ್ಲ ಕಳೆದು ಕೂಡಿದರೂ ತೂಕಕ್ಕೆ ತೂಕ ಪೆಟ್ರೋಲಿನ ಮೇಲುಗೈ ಎಂಬತ್ತು-ನೂರು ಪಟ್ಟು ಉಳಿಯುತ್ತದೆ. ವಿದ್ಯುತ್ ಕಾರಿನ ಇಡೀ ಚರಿತ್ರೆ ಈ ಒಂದು ಸಂಖ್ಯೆಯನ್ನು ಕೆಳಗಿಳಿಸಲು ನಡೆದ ಹೋರಾಟ.

ಅಂತರ ಇಷ್ಟಿದ್ದರೂ ಊರೊಳಗಿನ ಓಡಾಟಕ್ಕೆ ವಿದ್ಯುತ್ ಕಾರು ಸಾಕಾಗಿತ್ತು. ಹಾಗಿದ್ದೂ ಅದು ಸೋತದ್ದಕ್ಕೆ ಕಾರಣಗಳು ಒಂದರ ಹಿಂದೊಂದು ಬಂದವು. 1901ರ ಜನವರಿ 10ರಂದು ಟೆಕ್ಸಾಸ್‌ನ ಸ್ಪಿಂಡಲ್‌ಟಾಪ್ ಎಂಬಲ್ಲಿ ಕೊರೆದ ಬಾವಿಯಿಂದ ಕಚ್ಚಾ ತೈಲ ಕಾರಂಜಿಯಂತೆ ಚಿಮ್ಮಿತು. ತೈಲ ಅಗ್ಗವಾಗುವ ಯುಗ ತೆರೆಯಿತು. 1908ರಲ್ಲಿ ಫೋರ್ಡ್‌ನ ಮಾಡೆಲ್ ಟಿ ಕಾರು 850 ಡಾಲರ್ ಬೆಲೆಗೆ ಬಂತು. 1913ರಲ್ಲಿ ಅವನ ಕಾರ್ಖಾನೆಯಲ್ಲಿ ಚಲಿಸುವ ಜೋಡಣಾ ಸಾಲು ಆರಂಭವಾಯಿತು. ಹನ್ನೆರಡು ಗಂಟೆಗೂ ಮೀರಿ ಹಿಡಿಯುತ್ತಿದ್ದ ಜೋಡಣೆ ಕೆಲವೇ ತಿಂಗಳಲ್ಲಿ ಒಂದೂವರೆ ಗಂಟೆಯ ಕೆಲಸವಾಯಿತು. 1920ರ ದಶಕದ ನಡುವಿಗೆ ಅದೇ ಕಾರು 300 ಡಾಲರಿಗೂ ಕಡಿಮೆಗೆ ಸಿಗುತ್ತಿತ್ತು. ವಿದ್ಯುತ್ ಕಾರಿನ ಬೆಲೆ ಮಾತ್ರ ಸಾವಿರಗಳಲ್ಲೇ ನಿಂತಿತು. ಅಮೆರಿಕದ ಹಳ್ಳಿಗಳಿಗೆ ವಿದ್ಯುತ್ತೂ ಇರಲಿಲ್ಲ. 1930ರ ದಶಕದವರೆಗೆ ಅಲ್ಲಿನ ಹೆಚ್ಚಿನ ರೈತರ ಮನೆಗಳಲ್ಲಿ ಉರಿಯುತ್ತಿದ್ದದ್ದು ಸೀಮೆಎಣ್ಣೆ ದೀಪ. ಹಳ್ಳಿಯ ಅಂಗಡಿಯಲ್ಲಿ ಡಬ್ಬಿ ಪೆಟ್ರೋಲ್ ಸಿಗುತ್ತಿತ್ತು, ವಿದ್ಯುತ್ ಸಿಗುತ್ತಿರಲಿಲ್ಲ.

ಕೊನೆಯ ಪೆಟ್ಟು ಕೊಟ್ಟವನು ಚಾರ್ಲ್ಸ್ ಕೆಟರಿಂಗ್. ಹಿಡಿ ತಿರುಗಿಸುವ ಗೋಳನ್ನು ತಪ್ಪಿಸುವ ಸ್ವಯಂಚಾಲಕ ಸ್ಟಾರ್ಟರನ್ನು ಅವನು ರೂಪಿಸಿದ. 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಅದು ಬಂತು. ಅದೇನು ಆ ಸ್ಟಾರ್ಟರ್? ಒಂದು ಪುಟ್ಟ ವಿದ್ಯುತ್ ಮೋಟಾರು ಮತ್ತು ಒಂದು ಸೀಸ-ಆಮ್ಲ ಬ್ಯಾಟರಿ! ವಿದ್ಯುತ್ ಕಾರಿನ ಎರಡು ಅಂಗಗಳನ್ನೇ ಎರವಲು ಪಡೆದು ಪೆಟ್ರೋಲ್ ಕಾರು ವಿದ್ಯುತ್ ಕಾರನ್ನು ಸೋಲಿಸಿತು. ಇಂದಿಗೂ ಬಹುತೇಕ ಪೆಟ್ರೋಲ್ ಕಾರುಗಳ ಬಾನೆಟ್ ತೆರೆದರೆ ಪ್ಲಾಂಟೆಯ ಬ್ಯಾಟರಿಯ ವಂಶಸ್ಥ ಕುಳಿತಿರುತ್ತಾನೆ.

ಥಾಮಸ್ ಎಡಿಸನ್ ಸುಮ್ಮನೆ ಕೈಕಟ್ಟಿ ಕೂರಲಿಲ್ಲವೆಂಬುದನ್ನೂ ಹೇಳಬೇಕು. ಸೀಸದ ಭಾರವನ್ನು ತಪ್ಪಿಸಲೆಂದು ಅವನು ನಿಕಲ್-ಕಬ್ಬಿಣದ ಬ್ಯಾಟರಿಯ ಬೆನ್ನು ಹತ್ತಿದ. ಮೊದಲ ಮಾದರಿಗಳು ಸೋರಿದವು. 1904ರಲ್ಲಿ ತಯಾರಿಕೆ ನಿಲ್ಲಿಸಿ ಮತ್ತೆ ಪ್ರಯೋಗಶಾಲೆಗೆ ಮರಳಿದ. ಸರಿಯಾದ ಬ್ಯಾಟರಿ ಕೈಗೂಡುವ ಹೊತ್ತಿಗೆ 1910 ಬಂದಿತ್ತು, ಮಾಡೆಲ್ ಟಿ ರಸ್ತೆ ತುಂಬಿತ್ತು. 1914ರಲ್ಲಿ ಎಡಿಸನ್ ಮತ್ತು ಫೋರ್ಡ್ ಜೊತೆಗೂಡಿ ಅಗ್ಗದ ವಿದ್ಯುತ್ ಕಾರನ್ನು ತರುವರೆಂದು ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಆ ಕಾರು ಬರಲೇ ಇಲ್ಲ. ಎಡಿಸನ್ನನ ಬ್ಯಾಟರಿ ಮಾತ್ರ ಗಣಿಗಳಲ್ಲಿ, ರೈಲುಗಳಲ್ಲಿ ದಶಕಗಳ ಕಾಲ ದುಡಿಯಿತು.

ಆಮೇಲೆ ಅರ್ಧ ಶತಮಾನದ ಅಜ್ಞಾತವಾಸ. ಬ್ರಿಟನ್ನಿನಲ್ಲಿ ಬೆಳಗಿನ ಜಾವ ಮನೆಮನೆಗೆ ಹಾಲು ಹಂಚುವ ಗಾಡಿಗಳು ವಿದ್ಯುತ್ತಿನವಾಗಿದ್ದವು; ನಿದ್ದೆ ಕೆಡಿಸದಿರುವುದೇ ಅವುಗಳ ಯೋಗ್ಯತೆ. ಇನ್ನೊಂದು ವಿದ್ಯುತ್ ಗಾಡಿ ಹೋದ ಜಾಗ ಸ್ವಾರಸ್ಯಕರ. 1971ರ ಜುಲೈಯಲ್ಲಿ ಅಪೊಲೊ 15ರ ಗಗನಯಾತ್ರಿಗಳು ಚಂದ್ರನ ಮೇಲೆ ಓಡಿಸಿದ ಬಂಡಿ ಬ್ಯಾಟರಿಯದು. ಗಾಳಿಯೇ ಇಲ್ಲದ ಕಡೆ ಪೆಟ್ರೋಲ್ ಉರಿಯುವುದು ಹೇಗೆ? ಅಂಥ ಮೂರು ಬಂಡಿಗಳು ಇಂದಿಗೂ ಅಲ್ಲೇ ನಿಂತಿವೆ.

ಭೂಮಿಯ ಮೇಲೆ ಅದನ್ನು ಮತ್ತೆ ಕರೆದದ್ದು ಹೊಗೆ. ಎರಡನೆಯ ಮಹಾಯುದ್ಧದ ಕಾಲದಿಂದ ಲಾಸ್ ಏಂಜಲೀಸ್ ನಗರದ ಮೇಲೆ ಕಂದುಬಣ್ಣದ ಮಂಜು ಕವಿಯತೊಡಗಿತ್ತು, ಕಣ್ಣುರಿ, ಕೆಮ್ಮು. ಅದು ಎಲ್ಲಿಂದ ಬರುತ್ತದೆಂದು ಯಾರಿಗೂ ತಿಳಿಯದು. ಅನಾನಸ್ ಹಣ್ಣಿನ ಪರಿಮಳದ ರಸಾಯನವನ್ನು ಅಭ್ಯಸಿಸುತ್ತಿದ್ದ ಹಾಗೆನ್-ಸ್ಮಿಟ್ ಎಂಬ ಡಚ್ ಮೂಲದ ವಿಜ್ಞಾನಿ 1950ರ ದಶಕದ ಆರಂಭದಲ್ಲಿ ಇದನ್ನು ಬಿಡಿಸಿದ. ಕಾರುಗಳ ಹೊಗೆಯಲ್ಲಿನ ಹೈಡ್ರೋಕಾರ್ಬನ್ನುಗಳು ಮತ್ತು ಸಾರಜನಕದ ಆಕ್ಸೈಡುಗಳು ಬಿಸಿಲಿನಲ್ಲಿ ಸೇರಿ ಓಜೋನ್ ಮುಂತಾದ ವಿಷಗಳನ್ನು ಹುಟ್ಟಿಸುತ್ತವೆಂದು ತೋರಿಸಿಕೊಟ್ಟ. ಮುಂದೆ ಕ್ಯಾಲಿಫೋರ್ನಿಯಾದ ವಾಯು ಸಂಪನ್ಮೂಲ ಮಂಡಳಿ ರಚನೆಯಾದಾಗ ಅವನೇ ಅದರ ಮೊದಲ ಅಧ್ಯಕ್ಷ. 1973ರ ತೈಲ ಬಿಕ್ಕಟ್ಟಿನಲ್ಲಿ ಒಮ್ಮೆ ವಿದ್ಯುತ್ ಕಾರಿನ ನೆನಪಾಗಿ, ತೈಲ ಅಗ್ಗವಾದೊಡನೆ ಮರೆತೂಹೋಯಿತು. ಆ ಮಂಡಳಿ ಮಾತ್ರ ಮರೆಯಲಿಲ್ಲ.

1990ರ ಜನವರಿಯಲ್ಲಿ ಜನರಲ್ ಮೋಟಾರ್ಸ್ ಕಂಪನಿ ಲಾಸ್ ಏಂಜಲೀಸ್ ಪ್ರದರ್ಶನದಲ್ಲಿ 'ಇಂಪ್ಯಾಕ್ಟ್' ಎಂಬ ವಿದ್ಯುತ್ ಕಾರನ್ನು ತೋರಿಸಿತು. ಇದರ ಬೇರು ಸೌರ ಕಾರುಗಳ ಪಂದ್ಯದಲ್ಲಿದೆ: 1987ರಲ್ಲಿ ಆಸ್ಟ್ರೇಲಿಯಾವನ್ನು ಉತ್ತರದಿಂದ ದಕ್ಷಿಣಕ್ಕೆ ದಾಟಿದ ಪಂದ್ಯವನ್ನು ಗೆದ್ದ 'ಸನ್‌ರೇಸರ್' ಕಾರು ಇದೇ ಕಂಪನಿಯದು. ಕಾರನ್ನು ಕಂಡ ಮಂಡಳಿ, ಇದು ಸಾಧ್ಯವೆಂದ ಮೇಲೆ ಮಾಡಿ ಎಂದಿತು. 1998ರಿಂದ ದೊಡ್ಡ ಕಂಪನಿಗಳು ರಾಜ್ಯದಲ್ಲಿ ಮಾರುವ ಕಾರುಗಳಲ್ಲಿ ನೂರಕ್ಕೆ 2 ಹೊಗೆ ಉಗುಳದಂಥವಾಗಿರಬೇಕು, 2003ರ ವೇಳೆಗೆ ನೂರಕ್ಕೆ 10 ಆಗಬೇಕು ಎಂಬ ನಿಯಮ ಅದೇ ವರ್ಷ ಹೊರಟಿತು.

1996ರ ಡಿಸೆಂಬರಿನಲ್ಲಿ ಇಂಪ್ಯಾಕ್ಟ್ 'ಇವಿ1' ಎಂಬ ಹೆಸರಿನಲ್ಲಿ ಬೀದಿಗೆ ಬಂತು. ಮಾರಾಟಕ್ಕಲ್ಲ, ಗುತ್ತಿಗೆಗೆ. ಅದರ 26 ಸೀಸ-ಆಮ್ಲ ಬ್ಯಾಟರಿಗಳ ತೂಕವೇ 500 ಕಿಲೋಗ್ರಾಂ ದಾಟಿತ್ತು. ಅವುಗಳಲ್ಲಿ ಹಿಡಿದ ಶಕ್ತಿ ಸುಮಾರು 16 ಯೂನಿಟ್. ಅಂದರೆ ಎರಡು ಲೀಟರಿಗಿಂತ ಕಡಿಮೆ ಪೆಟ್ರೋಲಿನಲ್ಲಿ ಇರುವಷ್ಟು! ಅಷ್ಟರಲ್ಲಿ ಅದು 100 ಕಿಲೋಮೀಟರ್ ಆಸುಪಾಸು ಓಡುತ್ತಿತ್ತು. ಗಾಳಿಯನ್ನು ಸೀಳಿಕೊಂಡು ಹೋಗುವ ಅದರ ಮೈಮಾಟ ಎಷ್ಟು ನಯವೆಂದರೆ ಗಾಳಿ ತಡೆಯ ಗುಣಾಂಕ 0.19 ಮಾತ್ರ. ಎಂಜಿನಿಯರುಗಳು ಬ್ಯಾಟರಿಯ ಬಡತನವನ್ನು ಉಳಿದೆಲ್ಲ ಕಡೆ ಜಿಪುಣತನ ಮಾಡಿ ಮುಚ್ಚಿದ್ದರು. ವಿದ್ಯಾರ್ಥಿಗಳು ಈ ಕಾರಿನ ಚಿತ್ರವನ್ನು ಹುಡುಕಿ ನೋಡಬೇಕು.

ತಯಾರಾದವು 1,117 ಕಾರುಗಳು. ವಾಹನ ಕಂಪನಿಗಳ ಒತ್ತಡದಿಂದ ನಿಯಮ 1996ರಲ್ಲೇ ಸಡಿಲವಾಗಿತ್ತು, ಮುಂದೆ ನ್ಯಾಯಾಲಯದ ಮೆಟ್ಟಿಲೂ ಏರಿತು. 2003ರ ಹೊತ್ತಿಗೆ ಕಂಪನಿ ಗುತ್ತಿಗೆಗಳನ್ನು ಮುಗಿಸಿ ಕಾರುಗಳನ್ನು ಹಿಂದಕ್ಕೆ ಪಡೆಯತೊಡಗಿತು. ನಾವೇ ಕೊಳ್ಳುತ್ತೇವೆಂದು ಬೇಡಿದವರಿಗೂ ಕೊಡದೆ ಹೆಚ್ಚಿನವನ್ನು ಅಪ್ಪಚ್ಚಿ ಮಾಡಿಸಿತು. ಕೆಲವು ವಸ್ತುಸಂಗ್ರಹಾಲಯಗಳಿಗೆ, ವಿಶ್ವವಿದ್ಯಾಲಯಗಳಿಗೆ ಹೋದವು. ಇದೊಂದು ಸಂಚು ಎಂದು ನಂಬಿದವರು ಬಹಳ. ನನ್ನ ಮಟ್ಟಿಗೆ ಹೇಳುವುದಾದರೆ, ಕಂಪನಿಗೆ ಮನಸ್ಸಿರಲಿಲ್ಲ ಎಂಬುದೂ ನಿಜ, ಸೀಸದ ಬ್ಯಾಟರಿ ಆ ಭಾರ ಹೊರಲಾರದಾಗಿತ್ತು ಎಂಬುದೂ ನಿಜ. ಮನಸ್ಸಿದ್ದಿದ್ದರೆ ಇನ್ನೊಂದು ಬ್ಯಾಟರಿಗಾಗಿ ಕಾಯುತ್ತಿದ್ದರು. ಅದು ಆಗಲೇ ಹುಟ್ಟಿಬಿಟ್ಟಿತ್ತು, ಬೇರೊಂದು ಮನೆಯಲ್ಲಿ.

ಆ ಮನೆ ನಮ್ಮ ಕಸುಬಿಗೆ ಸಂಬಂಧಿಸಿದ್ದು. 1991ರಲ್ಲಿ ಜಪಾನಿನ ಸೋನಿ ಕಂಪನಿ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದದ್ದು ಕೈಯಲ್ಲಿ ಹಿಡಿಯುವ ವಿಡಿಯೋ ಕ್ಯಾಮೆರಾಗಾಗಿ. ಹಳೆಯ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗಳ ಸರವನ್ನು ಹೆಗಲಿಗೇರಿಸಿಕೊಂಡು ಹೊರಾಂಗಣ ಚಿತ್ರೀಕರಣಕ್ಕೆ ಹೋದವರಿಗೆ ಈ ಬದಲಾವಣೆಯ ಬೆಲೆ ಗೊತ್ತು. ಲಿಥಿಯಂ ಎಲ್ಲ ಲೋಹಗಳಿಗಿಂತ ಹಗುರ. ಎಲೆಕ್ಟ್ರಾನನ್ನು ಬಿಟ್ಟುಕೊಡುವುದರಲ್ಲಿ ಮಹಾ ಉದಾರಿ. ಅಮೆರಿಕದ ಎಕ್ಸಾನ್ ಎಂಬ ತೈಲ ಕಂಪನಿಯ ಪ್ರಯೋಗಶಾಲೆಯಲ್ಲಿ 1970ರ ದಶಕದಲ್ಲಿ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಇದರ ಮೊದಲ ಬ್ಯಾಟರಿಯನ್ನು ಮಾಡಿದ. ಹೌದು, ತೈಲ ಕಂಪನಿಯಲ್ಲೇ. 1980ರಲ್ಲಿ ಆಕ್ಸ್‌ಫರ್ಡ್‌ನಲ್ಲಿದ್ದ ಜಾನ್ ಗುಡೆನಫ್ ಕೋಬಾಲ್ಟ್ ಆಕ್ಸೈಡನ್ನು ಬಳಸಿ ಅದರ ವೋಲ್ಟೇಜನ್ನು ಹೆಚ್ಚುಕಡಿಮೆ ಇಮ್ಮಡಿಗೊಳಿಸಿದ. 1985ರಲ್ಲಿ ಜಪಾನಿನ ಅಕಿರಾ ಯೋಶಿನೋ, ಬೆಂಕಿಗೆ ಹೆದರಿಸುವ ಶುದ್ಧ ಲಿಥಿಯಂ ಲೋಹದ ಬದಲು ಇಂಗಾಲದ ಪದರಗಳಲ್ಲಿ ಲಿಥಿಯಂ ಅಯಾನುಗಳನ್ನು ಕೂರಿಸಿ ಅದನ್ನು ಬಳಕೆಗೆ ಯೋಗ್ಯವಾಗಿಸಿದ. ಮೂವರಿಗೂ 2019ರಲ್ಲಿ ನೊಬೆಲ್ ಬಂತು. ಗುಡೆನಫ್‌ಗೆ ಆಗ 97 ವರ್ಷ! ಅವನ ಟೆಕ್ಸಾಸ್ ಪ್ರಯೋಗಶಾಲೆಯಲ್ಲಿ ಅಕ್ಷಯ ಪಾಧಿ ಎಂಬ ಭಾರತೀಯ ಸಂಶೋಧಕರು 1990ರ ದಶಕದಲ್ಲಿ ಗುರುತಿಸಿದ ಕಬ್ಬಿಣದ ಫಾಸ್ಫೇಟ್ ಇಂದು ಚೀನಾದ ಅಗ್ಗದ ವಿದ್ಯುತ್ ಕಾರುಗಳ ಜೀವಾಳವಾಗಿದೆ. ಅದಕ್ಕೆ ದುಬಾರಿ ಕೋಬಾಲ್ಟ್ ಬೇಡ.

ಕ್ಯಾಮೆರಾ, ಮೊಬೈಲ್, ಲ್ಯಾಪ್‌ಟಾಪ್ ಕೊಂಡವರೆಲ್ಲ ತಮಗರಿವಿಲ್ಲದೆ ವಿದ್ಯುತ್ ಕಾರಿನ ಸಂಶೋಧನೆಗೆ ಹಣ ಕೊಟ್ಟರು. ಕೋಟ್ಯಂತರ ಸಂಖ್ಯೆಯಲ್ಲಿ ತಯಾರಾದಂತೆ ಬ್ಯಾಟರಿ ಅಗ್ಗವೂ ಆಯಿತು, ಹಗುರವೂ ಆಯಿತು. 2008ರಲ್ಲಿ ಅಮೆರಿಕದ ಟೆಸ್ಲಾ ಕಂಪನಿ ತನ್ನ ಮೊದಲ ಕಾರಿನಲ್ಲಿ ಲ್ಯಾಪ್‌ಟಾಪ್ ಬಗೆಯ 6,831 ಪುಟ್ಟ ಕೋಶಗಳನ್ನು ಜೋಡಿಸಿತು. ಒಮ್ಮೆ ತುಂಬಿಸಿದರೆ ಅದು 390 ಕಿಲೋಮೀಟರ್ ಓಡುತ್ತಿತ್ತು. ಎಂಬತ್ತು-ನೂರು ಪಟ್ಟು ಎಂದೆನಲ್ಲ, ಒಳ್ಳೆಯ ಲಿಥಿಯಂ ಕೋಶದಿಂದ ಆ ಅಂತರ ಹದಿನೈದು ಪಟ್ಟಿನ ಸುತ್ತಮುತ್ತ ಇಳಿಯಿತು. ಗೆಲ್ಲಲು ಅಷ್ಟು ಸಾಕಾಯಿತು. ಸಮನಾಗಬೇಕಾದ ಅಗತ್ಯವೇನೂ ಇರಲಿಲ್ಲ.

ಇಲ್ಲಿ ಕಥೆ ಬೆಂಗಳೂರಿಗೆ ತಿರುಗುತ್ತದೆ. 1990ರಲ್ಲಿ ಅಮೆರಿಕದಲ್ಲಿ ಜನರಲ್ ಮೋಟಾರ್ಸ್ ನಡೆಸಿದ ಸೌರ ಕಾರುಗಳ ಅಂತರ ಕಾಲೇಜು ಪಂದ್ಯವನ್ನು ಗೆದ್ದ ಮಿಷಿಗನ್ ವಿಶ್ವವಿದ್ಯಾಲಯದ ತಂಡದಲ್ಲಿ ಚೇತನ್ ಮೈನಿ ಎಂಬ ಬೆಂಗಳೂರಿನ ಹುಡುಗನಿದ್ದ. 1994ರಲ್ಲಿ ಬೆಂಗಳೂರಿನ ಮೈನಿ ಸಮೂಹ ಕ್ಯಾಲಿಫೋರ್ನಿಯಾದ ಅಮೆರಿಗಾನ್ ಕಂಪನಿಯೊಡನೆ ಸೇರಿ ವಿದ್ಯುತ್ ಕಾರು ಸಂಸ್ಥೆಯನ್ನು ಕಟ್ಟಿತು. 2001ರಲ್ಲಿ 'ರೇವಾ' ರಸ್ತೆಗಿಳಿಯಿತು. ಎರಡು ಬಾಗಿಲು, ಎಂಟು ಸೀಸ-ಆಮ್ಲ ಬ್ಯಾಟರಿ, ಒಮ್ಮೆ ತುಂಬಿಸಿದರೆ 80 ಕಿಲೋಮೀಟರ್, ಮನೆಯ ಪ್ಲಗ್ಗಿನಿಂದಲೇ ಚಾರ್ಜು. ಅಮೆರಿಕದ ದೈತ್ಯ ಕಂಪನಿ ತನ್ನ ಕಾರುಗಳನ್ನು ಕಳಚುತ್ತಿದ್ದ ದಿನಗಳಲ್ಲಿ ಬೊಮ್ಮಸಂದ್ರದಲ್ಲಿ ಒಂದು ಪುಟ್ಟ ಕಾರ್ಖಾನೆ ವಿದ್ಯುತ್ ಕಾರು ಕಟ್ಟುತ್ತಿತ್ತು!

ರೇವಾಕ್ಕೆ ಹೆಚ್ಚು ಬೆಲೆ ಸಿಕ್ಕಿದ್ದು ಲಂಡನ್ನಿನಲ್ಲಿ. 2003ರ ಫೆಬ್ರವರಿಯಿಂದ ಆ ನಗರದ ನಡುಭಾಗಕ್ಕೆ ಬರುವ ಕಾರುಗಳಿಗೆ ದಿನಕ್ಕಿಷ್ಟು ಎಂಬ ದಟ್ಟಣೆ ಶುಲ್ಕ ಬಿತ್ತು. ವಿದ್ಯುತ್ ಕಾರಿಗೆ ವಿನಾಯಿತಿ. 'ಜಿ-ವಿಜ್' ಎಂಬ ಹೆಸರಿನಲ್ಲಿ ಬೆಂಗಳೂರಿನ ಕಾರು ಲಂಡನ್ನಿನ ಗಲ್ಲಿಗಳಲ್ಲಿ ಓಡಾಡಿತು. ಯುರೋಪಿನ ಕಾನೂನಿನಲ್ಲಿ ಅದು ಕಾರೇ ಅಲ್ಲ, ನಾಲ್ಕು ಗಾಲಿಯ ಹಗುರ ವಾಹನ. ಹಾಗಾಗಿ ಕಾರುಗಳಿಗಿರುವ ಡಿಕ್ಕಿ ಪರೀಕ್ಷೆ ಕಡ್ಡಾಯವಿರಲಿಲ್ಲ. ಇದರ ಬಗ್ಗೆ ಅಲ್ಲಿನ ಪತ್ರಿಕೆಗಳು ಟೀಕಿಸಿದವು, ಟೀಕೆಯಲ್ಲಿ ಹುರುಳೂ ಇತ್ತು. ಸ್ವದೇಶದಲ್ಲಿ ಅದನ್ನು ಕೊಂಡವರು ಬೆರಳೆಣಿಕೆಯಷ್ಟು. 2010ರಲ್ಲಿ ಮಹೀಂದ್ರ ಸಂಸ್ಥೆ ರೇವಾ ಕಂಪನಿಯ ಹೆಚ್ಚಿನ ಪಾಲನ್ನು ಕೊಂಡಿತು. ಲೆಕ್ಕದಲ್ಲಿ ರೇವಾ ಸೋತ ಕಾರು. ಆದರೆ ವಿದ್ಯುತ್ ವಾಹನವನ್ನು ಕಟ್ಟಬಲ್ಲ ಎಂಜಿನಿಯರುಗಳ ಒಂದು ತಲೆಮಾರು ಬೆಂಗಳೂರಿನಲ್ಲಿ ತಯಾರಾಗಲು ಅದು ಕಾರಣವಾಯಿತೆಂಬುದನ್ನು ಮಾರಾಟದ ಲೆಕ್ಕ ತೋರಿಸುವುದಿಲ್ಲ.

ಲೆಕ್ಕವನ್ನೇ ಬದಲಿಸಿದ್ದು ಚೀನಾ. ಬಿ.ವೈ.ಡಿ. ಕಂಪನಿ 1995ರಲ್ಲಿ ಶೆಂಜೆನ್ ನಗರದಲ್ಲಿ ಹುಟ್ಟಿದ್ದು ಮೊಬೈಲ್ ಮೊದಲಾದವುಗಳ ಬ್ಯಾಟರಿ ಮಾಡಲು. ಕಾರು ಆಮೇಲೆ ಬಂತು. ಪೆಟ್ರೋಲ್ ಎಂಜಿನ್ನಿನಲ್ಲಿ ಜರ್ಮನಿ, ಜಪಾನುಗಳನ್ನು ಹಿಂದಿಕ್ಕುವುದು ಕಷ್ಟ, ಹೊಸ ಪಂದ್ಯದಲ್ಲಾದರೆ ಎಲ್ಲರೂ ಒಂದೇ ಗೆರೆಯಿಂದ ಓಡಬೇಕು ಎಂಬುದು ಅಲ್ಲಿನ ಸರ್ಕಾರದ ತರ್ಕ. 2009ರಿಂದ ನಗರದ ಬಸ್ಸು, ಟ್ಯಾಕ್ಸಿಗಳಿಗೆ ಧಾರಾಳ ಸಹಾಯಧನ ಹರಿಯಿತು. 2017ರ ಕೊನೆಗೆ ಶೆಂಜೆನ್ನಿನ 16,000ಕ್ಕೂ ಹೆಚ್ಚು ನಗರ ಬಸ್ಸುಗಳೆಲ್ಲ ವಿದ್ಯುತ್ತಿನವಾಗಿದ್ದವು. 2010ರಲ್ಲಿ ಒಂದು ಯೂನಿಟ್ ವಿದ್ಯುತ್ ಹಿಡಿಯುವ ಬ್ಯಾಟರಿಗೆ ಸಾವಿರ ಡಾಲರಿಗೂ ಮೀರಿದ್ದ ಬೆಲೆ 2024ರಲ್ಲಿ 115 ಡಾಲರಿಗೆ ಇಳಿಯಿತು. ಆ ವರ್ಷ ಜಗತ್ತಿನಲ್ಲಿ ಮಾರಾಟವಾದ ಐದು ಹೊಸ ಕಾರುಗಳಲ್ಲಿ ಒಂದಕ್ಕಿಂತ ಹೆಚ್ಚು ಪ್ಲಗ್ಗಿಗೆ ಸಿಕ್ಕಿಸುವಂಥವು, ಒಟ್ಟು 1 ಕೋಟಿ 70 ಲಕ್ಷ. ಮೂರರಲ್ಲಿ ಎರಡು ಪಾಲು ಚೀನಾದಲ್ಲಿ. ತೈಲ ಮಾರಿ ಸಿರಿವಂತವಾದ ನಾರ್ವೆಯಲ್ಲಿ ನೂರಕ್ಕೆ 89 ಹೊಸ ಕಾರುಗಳು ವಿದ್ಯುತ್ತಿನವು.

ನಮ್ಮಲ್ಲಿ ಬದಲಾವಣೆ ಬಂದದ್ದು ಕಾರಿನಿಂದಲ್ಲ, ಸ್ಕೂಟರಿನಿಂದ ಮತ್ತು ರಿಕ್ಷಾದಿಂದ. 2023ರಲ್ಲಿ ಭಾರತದಲ್ಲಿ ಮಾರಾಟವಾದ ಮೂರು ಗಾಲಿಯ ವಾಹನಗಳಲ್ಲಿ ಅರ್ಧಕ್ಕಿಂತ ಹೆಚ್ಚು ವಿದ್ಯುತ್ತಿನವು. ವಿದ್ಯುತ್ ವಾಹನಗಳಿಗೆಂದೇ 2017ರಲ್ಲಿ ಪ್ರತ್ಯೇಕ ನೀತಿ ಪ್ರಕಟಿಸಿದ ಮೊದಲ ರಾಜ್ಯ ಕರ್ನಾಟಕ. ಇದರಿಂದ ಹೊಗೆ ಬೀದಿಯಿಂದ ಮಾಯವಾಗುತ್ತದೆ, ನಿಜ. ಆದರೆ ನಮ್ಮ ದೇಶದ ವಿದ್ಯುತ್ತಿನ ದೊಡ್ಡ ಪಾಲು ಇಂದಿಗೂ ಕಲ್ಲಿದ್ದಲಿನದು. ರಾಯಚೂರಿನ ಶಾಖೋತ್ಪನ್ನ ಸ್ಥಾವರದ ಚಿಮಣಿಯನ್ನು ನೋಡಿದವರಿಗೆ ಹೊಗೆ ಎಲ್ಲಿಗೆ ಹೋಯಿತೆಂದು ಹೇಳಬೇಕಾಗಿಲ್ಲ. ಜಗತ್ತಿನ ಕೋಬಾಲ್ಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಬರುವುದು ಆಫ್ರಿಕದ ಕಾಂಗೋ ದೇಶದಿಂದ. ಅಲ್ಲಿನ ಗಣಿಗಳಲ್ಲಿ ಮಕ್ಕಳೂ ದುಡಿದಿದ್ದಾರೆ. ಮಂಡ್ಯ ಜಿಲ್ಲೆಯ ಮರಳಗಾಲದಲ್ಲಿ ಲಿಥಿಯಂ ಇದೆಯೆಂಬ ಸುದ್ದಿ ನಮ್ಮಲ್ಲಿ ಸಂಭ್ರಮ ತಂದಿತ್ತು. ಅಂದಾಜು ನಿಕ್ಷೇಪ 1,600 ಟನ್, ತೀರ ಚಿಕ್ಕದು. ಇನ್ನು ಕೆಲಸದ ಪ್ರಶ್ನೆ. ಪೆಟ್ರೋಲ್ ಎಂಜಿನ್ನಿನಲ್ಲಿ ಪಿಸ್ಟನ್, ಕವಾಟ, ಕ್ರ್ಯಾಂಕ್, ಹಲ್ಲಿನ ಚಕ್ರ ಎಂದು ನೂರಾರು ಚಲಿಸುವ ಭಾಗಗಳು. ಮೋಟಾರಿನಲ್ಲಿ ತಿರುಗುವುದು ಮುಖ್ಯವಾಗಿ ಒಂದು ರೋಟರ್. ಪೀಣ್ಯದಂಥ ಕೈಗಾರಿಕಾ ಪ್ರದೇಶಗಳ ಸಣ್ಣ ಲೇತ್ ಶೆಡ್ಡುಗಳಲ್ಲಿ ಎಂಜಿನ್ ಭಾಗಗಳನ್ನು ಕಡೆದು ಬದುಕುವವರಿಗೆ ಇದು ಅಂಕಿಅಂಶದ ಮಾತಲ್ಲ. ಐ.ಟಿ.ಐ. ಮತ್ತು ಡಿಪ್ಲೊಮಾ ತರಗತಿಗಳಲ್ಲಿ ಕುಳಿತು ಇದನ್ನು ಓದುತ್ತಿರುವವರು ನಾಳೆ ಯಾವ ಯಂತ್ರದ ಮುಂದೆ ನಿಲ್ಲುತ್ತಾರೆಂಬುದು ಇದರಲ್ಲಿ ಅಡಗಿದೆ.

ಬರ್ತಾ ಬೆಂಜ್‌ಳ ಶೀಸೆಯ ಪ್ರಶ್ನೆಯೊಂದು ಬಾಕಿ ಉಳಿದಿದೆ: ಬರಿದಾದ ಬ್ಯಾಟರಿಯನ್ನು ನಿಮಿಷಗಳಲ್ಲಿ ತುಂಬುವುದು ಹೇಗೆ? ಇದಕ್ಕೂ ಹಳೆಯದೊಂದು ಉತ್ತರವಿದೆ. ಅಮೆರಿಕದ ಹಾರ್ಟ್‌ಫರ್ಡ್ ನಗರದ ವಿದ್ಯುತ್ ಕಂಪನಿ 1910ರ ದಶಕದಲ್ಲಿ ವಿದ್ಯುತ್ ಟ್ರಕ್ಕುಗಳಿಗೆ ಬ್ಯಾಟರಿ ಬದಲಿಸಿಕೊಡುವ ಸೇವೆಯನ್ನು ನಡೆಸಿತ್ತು. ಟ್ರಕ್ಕು ಕೊಂಡವನು ಬ್ಯಾಟರಿ ಕೊಳ್ಳಬೇಕಾಗಿರಲಿಲ್ಲ. ಬರಿದಾದುದನ್ನು ಕೊಟ್ಟು ತುಂಬಿದ್ದನ್ನು ಹಾಕಿಸಿಕೊಂಡು, ತಿಂಗಳ ಶುಲ್ಕದ ಜೊತೆಗೆ ಓಡಿದ ಮೈಲಿಗಿಷ್ಟು ಎಂದು ಹಣ ಕಟ್ಟಿದರಾಯಿತು. 1924ರವರೆಗೆ ಆ ಸೇವೆ ನಡೆಯಿತು. ಆ ಟ್ರಕ್ಕುಗಳು ಓಡಿದ ದೂರ ಒಟ್ಟು 60 ಲಕ್ಷ ಮೈಲಿ ಮೀರಿತ್ತು. ರೇವಾ ಕಟ್ಟಿದ ಚೇತನ್ ಮೈನಿ 2017ರಲ್ಲಿ ಜೊತೆಗಾರರೊಬ್ಬರೊಡನೆ ಬೆಂಗಳೂರಿನಲ್ಲಿ ಆರಂಭಿಸಿದ ಹೊಸ ಕಂಪನಿಯ ಕೆಲಸವೂ ಇದೇ. ಆಟೋ ಚಾಲಕ ಕೇಂದ್ರಕ್ಕೆ ಬಂದು ಖಾಲಿ ಬ್ಯಾಟರಿ ಕಳಚಿಟ್ಟು, ತುಂಬಿದ್ದನ್ನು ಸಿಕ್ಕಿಸಿಕೊಂಡು, ಬಳಸಿದಷ್ಟಕ್ಕೆ ಹಣ ಕೊಟ್ಟು ಮುಂದಿನ ಬಾಡಿಗೆಗೆ ಹೊರಡುತ್ತಾನೆ.